ಹೊರೈಜನ್ 5: ನೀಲಿ ಗೆರೆ ತೆಗೆದರೆ ಮೊದಲ ತಿರುವಿನಲ್ಲೇ ಗೋಡೆಗೆ. ಎಂತ ಮಾಡುದು ಮಾರಾಯ್ರೆ?

ಬೋಳೂರಿನವ
(ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಬ್ಯಾಂಕಿನಲ್ಲಿ ಕೆಲಸ, ಈ ಆಟದಲ್ಲಿ ಇನ್ನೂ ಬಾಲವಾಡಿ. ಅಕ್ಕನ ಮಗ ಓದಲಿಕ್ಕೆ ಬೆಂಗಳೂರಿಗೆ ಹೋಗುವಾಗ ಅವನ ಹಳೆ ಗೇಮಿಂಗ್ ಲ್ಯಾಪ್‌ಟಾಪ್ ನನ್ನ ಕುತ್ತಿಗೆಗೆ ಕಟ್ಟಿ ಹೋದ. ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಉಂಟು. ಅದರಲ್ಲಿ ಫೋರ್ಜಾ ಹೊರೈಜನ್ 5 ಅಂತ ಕಾರ್ ರೇಸಿನ ಆಟ ಹಾಕಿದೆ. ನೂರು ಜಿಬಿಗಿಂತ ಮೇಲೆ ಉಂಟು ಅದು, ಇಳಿಸಲಿಕ್ಕೆ ಮೂರು ದಿನ ಹಿಡಿಯಿತು. ಎರಡನೇ ದಿನ ಸಂಜೆ ಗುಡುಗು ಶುರುವಾದದ್ದೇ ಹೆಂಡತಿ ಬಂದು ಮೋಡೆಮಿನ ಪ್ಲಗ್ ಎಳೆದು ಹಾಕಿದಳು. ಬೈಯಲಿಕ್ಕೆ ನನಗೆ ಬಾಯಿ ಇರಲಿಲ್ಲ. ಹೋದ ವರ್ಷ ದೀಪಾವಳಿ ಹೊತ್ತಿನ ಸಿಡಿಲಿಗೆ ಮೋಡೆಮ್, ಟಿವಿ ಎರಡೂ ಸುಟ್ಟದ್ದು ನಾನು ಪ್ಲಗ್ ತೆಗೆಯದೆ ಮಲಗಿದ್ದಕ್ಕೆ.

ಈಗ ವಿಷಯಕ್ಕೆ ಬರ್ತೇನೆ. ಎರಡು ವಾರ ಆಯ್ತು ಆಡ್ಲಿಕ್ಕೆ ಶುರು ಮಾಡಿ. ರಸ್ತೆಯ ಮೇಲೆ ಬಾಣದ ಸಾಲು ಬರ್ತದಲ್ಲ, ನೀಲಿ ಇದ್ದರೆ ಒತ್ತು, ಕೆಂಪಾದರೆ ಬ್ರೇಕ್ ಹಿಡಿ ಅಂತ, ಅದನ್ನು ನೋಡಿಕೊಂಡು ಓಡಿಸಿದರೆ ಮೂರನೆಯದ್ದೋ ನಾಲ್ಕನೆಯದ್ದೋ ಬರ್ತೇನೆ. ಆದರೆ ಮೊನ್ನೆ ಒಂದು ವಿಚಾರ ತಲೆಗೆ ಬಂತು. ಇಷ್ಟು ದಿನ ಆಡಿದ್ದೇನೆ, ಆಟ ನಡೆಯುವ ಮೆಕ್ಸಿಕೋದ ಒಂದು ರಸ್ತೆಯೂ ನನಗೆ ನೆನಪಿಲ್ಲ. ನೆನಪಿರುದು ಗೆರೆ ಮಾತ್ರ. ಗೆರೆ ಆಫ್ ಮಾಡಿ ನೋಡಿದೆ. ಮೊದಲ ತಿರುವಿನಲ್ಲೇ ಗೋಡೆಗೆ, ರಿವೈಂಡ್ ಮಾಡಿ ಸ್ವಲ್ಪ ಹಿಂದಿನಿಂದ ಓಡಿಸಿದರೆ ಪುನಃ ಅದೇ ಗೋಡೆಗೆ. ಹನ್ನೆರಡು ಗಾಡಿಯಲ್ಲಿ ಹನ್ನೆರಡನೆಯವ.

ಗೆರೆ ಇಲ್ಲದೆ ಕಲಿಯುದು ಹೇಗೆ? ಕಲಿಯಬೇಕಾದ ಅಗತ್ಯ ಉಂಟಾ? ಮತ್ತೊಂದು ಕಿರಿಕಿರಿ: ಜೋರಾಗಿ ಹೋಗುವಾಗ ಮರ, ಮನೆ ಎಲ್ಲ ತಡವಾಗಿ ಮೊಳಕೆ ಒಡೆಯುತ್ತದೆ. ಅದು ಎಂತ?

ಗೋಳಿಬಜೆ ಗೇಮರ್
ಸುರತ್ಕಲ್

ಮೊದಲು ಮರದ ಕತೆ ಮುಗಿಸುವ. ನಿಮ್ಮ ಅಳಿಯ ಆಟವನ್ನು ಹಳೆ ತರದ ಹಾರ್ಡ್‌ಡಿಸ್ಕಿಗೆ ಹಾಕಿರ್ತಾನೆ. ಇಂಥ ಓಪನ್ ವರ್ಲ್ಡ್ ಆಟದಲ್ಲಿ ಇಡೀ ನಕ್ಷೆ ಒಟ್ಟಿಗೆ ಮೆಮೊರಿಗೆ ಬರುದಿಲ್ಲ, ನೀವು ಮುಂದೆ ಹೋದ ಹಾಗೆ ಮುಂದಿನ ತುಂಡನ್ನು ಡಿಸ್ಕಿನಿಂದ ಎಳೆದು ತಂದು ಹಾಕ್ತಾ ಇರ್ತದೆ. ನಿಮ್ಮ ಕಾರು ಗಂಟೆಗೆ 300 ಕಿ.ಮೀ. ಹೋದರೆ ಡಿಸ್ಕಿಗೆ ಏದುಸಿರು ಬರ್ತದೆ. ಪರದೆಯ ಮೂಲೆಯಲ್ಲಿ ಸ್ಟ್ರೀಮಿಂಗ್ ಬ್ಯಾಂಡ್‌ವಿಡ್ತ್ ಕಡಿಮೆ ಅಂತ ಒಂದು ಎಚ್ಚರಿಕೆ ಬರುದುಂಟು, ನೋಡಿರಬಹುದು. ಅದು ಇಂಟರ್ನೆಟ್ಟಿನ ಬಗ್ಗೆ ಅಲ್ಲ, ಮೋಡೆಮಿಗೆ ಬೈಬೇಡಿ. ಒಂದು ಎಸ್‌ಎಸ್‌ಡಿ, ಅಂದರೆ ಹೊಸ ತರದ ವೇಗದ ಡಿಸ್ಕ್, ಹಾಕಿಸಿ. 1650ರಲ್ಲಿ ಗ್ರಾಫಿಕ್ಸ್ ಮೀಡಿಯಮ್ ಇಟ್ಟರೆ ಬೇಕಾದಷ್ಟು ಚಂದ ಓಡ್ತದೆ.

ಈಗ ಗೆರೆ. ಸೆಟ್ಟಿಂಗಿನಲ್ಲಿ ಅದಕ್ಕೆ ಮೂರು ಆಯ್ಕೆ ಉಂಟು: ಪೂರ್ತಿ ಗೆರೆ, ಬ್ರೇಕ್ ಹಿಡಿಯುವಲ್ಲಿ ಮಾತ್ರ, ಆಫ್. ನೀವು ಮೊದಲನೆಯದರಿಂದ ಸೀದ ಮೂರನೆಯದಕ್ಕೆ ಹಾರಿದ್ದೀರಿ. ಮಧ್ಯದ್ದರಲ್ಲಿ ಒಂದು ತಿಂಗಳು ಇರಿ.

ಎರಡನೆಯದಾಗಿ, ನಿಮ್ಮ ಕಾರು ಯಾವ ಕ್ಲಾಸ್? ಎಸ್1 ಅಥವಾ ಎಸ್2 ಆದರೆ ಅದೇ ರೋಗ. ಕಾರು ಎಷ್ಟು ಜೋರು ಅಂತ ಆಟ ಕೊಡುವ ಪಾಯಿಂಟಿನ ಲೆಕ್ಕ ಅದು: ಡಿ ಕ್ಲಾಸ್ 500ರ ವರೆಗೆ, ಸಿ 600, ಬಿ 700, ಎ 800, ಎಸ್1 900, ಎಸ್2 998, ಅದರ ಮೇಲೆ ಎಕ್ಸ್. ಲಾಟರಿ ಚಕ್ರ ತಿರುಗಿಸಿದ್ದಕ್ಕೆ ಸಿಕ್ಕಿದ ಹೈಪರ್‌ಕಾರಿನಲ್ಲಿ ಎಲ್ಲರೂ ಕೂತುಕೊಳ್ಳುದು, ಮತ್ತೆ ತಿರುವು ಸಿಗುದಿಲ್ಲ ಅಂತ ಅಳುದು. ಕಂಬಳದಲ್ಲಿ ಈಗಷ್ಟೇ ಓಟದ ಕರೆಗೆ ಇಳಿದ ನೇಗಿಲು ಕಿರಿಯ ವಿಭಾಗದ ಜೋಡಿಯನ್ನು ಹಗ್ಗ ಹಿರಿಯ ವಿಭಾಗದ ಪಳಗಿದ ಕೋಣಗಳೆದುರು ಬಿಡ್ತಾರಾ? ಬಿ ಕ್ಲಾಸಿಗೆ ಇಳಿಯಿರಿ. ಅಲ್ಲಿ ತಿರುವು ಬರುವಾಗ ಯೋಚನೆ ಮಾಡ್ಲಿಕ್ಕೆ ಒಂದು ಸೆಕೆಂಡಾದರೂ ಸಿಗ್ತದೆ.

ಮೂರನೆಯದ್ದು, ಗೋಡೆಗೆ ಯಾಕೆ ಹೋಗ್ತೀರಿ ಅಂತ. ಬ್ರೇಕ್ ತಡವಾಗಿ ಹಿಡಿದು, ಹಿಡಿದದ್ದನ್ನು ಬಿಡದೆ ಸ್ಟೇರಿಂಗನ್ನೂ ಪೂರ್ತಿ ತಿರುಗಿಸ್ತೀರಿ. ಟಯರಿಗೆ ಇರುವ ಹಿಡಿತ ಒಂದೇ. ಅದನ್ನು ನಿಲ್ಲಿಸಲಿಕ್ಕೆ ಪೂರ್ತಿ ಖರ್ಚು ಮಾಡಿದರೆ ತಿರುಗಿಸಲಿಕ್ಕೆ ಎಂತ ಉಳೀತದೆ? ಸೀದ ಇರುವಾಗ ಜೋರಾಗಿ ಹಿಡಿಯಿರಿ, ತಿರುಗಿಸಲಿಕ್ಕೆ ಶುರು ಮಾಡಿದ ಹಾಗೆ ಬ್ರೇಕನ್ನು ಮೆಲ್ಲ ಮೆಲ್ಲ ಬಿಡ್ತಾ ಬನ್ನಿ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದೆ ಬರ್ತದೆ, ಮುಂದಿನ ಟಯರ್ ರಸ್ತೆಯನ್ನು ಕಚ್ಚಿ ಹಿಡೀತದೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್ಲಿಗೆ ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಬಂದವರಿಗೆ ಭಾರ ಮುಂದೆ ಬರುದು ಅಂದರೆ ಎಂತ ಅಂತ ನಾನು ಹೇಳಬೇಕಾಗಿಲ್ಲ.

ಎಸ್2 ಕುಟ್ಟಿ
ಮಣಿಪಾಲ

ಅಣ್ಣ ಇಷ್ಟೆಲ್ಲ ಮಂಡೆಬಿಸಿ ಯಾಕೆ? ಗೆರೆ ಇಟ್ಟುಕೊಳ್ಳಿ, ಕಾರಿಗೆ ನಾಲ್ಕು ಚಕ್ರದ ಡ್ರೈವ್ ಹಾಕಿ, ರೇಸ್ ಟಯರ್ ಹಾಕಿ, ತಪ್ಪಿದರೆ ರಿವೈಂಡ್. ನಾನು ಎಲ್ಲಕ್ಕಿಂತ ಕಷ್ಟದ ಅನ್‌ಬೀಟೇಬಲ್ ಲೆವೆಲಿನಲ್ಲಿ ಗೋಲಿಯತ್ ರೇಸ್ ಗೆದ್ದದ್ದು ಹೀಗೇ. ಆಟ ಆಡುದು ಗೆಲ್ಲಲಿಕ್ಕೆ, ರಸ್ತೆ ಬಾಯಿಪಾಠ ಮಾಡ್ಲಿಕ್ಕೆ ಅಲ್ಲ.

ಗೋಳಿಬಜೆ ಗೇಮರ್

ಆನ್‌ಲೈನ್ ರೇಸಿನಲ್ಲಿ ರಿವೈಂಡ್ ಇಲ್ಲ ಕುಟ್ಟಿ. ಅಲ್ಲಿಗೆ ಬಾ, ಗೋಳಿಬಜೆ ತಿನ್ನಿಸ್ತೇನೆ.

ಕಿನ್ನಿಗೋಳಿ ಅಕ್ಕ

ಮಕ್ಕಳು ಮಲಗಿದ ಮೇಲೆ ಆಡುವವಳು ನಾನು, ರಾತ್ರಿ ಹತ್ತರಿಂದ ಹನ್ನೊಂದು. ಬೋಳೂರಿನವರೇ, ಕಲಿಯಬೇಕಾ ಅಂತ ಕೇಳಿದಿರಲ್ಲ, ನನ್ನನ್ನು ಕೇಳಿದರೆ ಹೌದು. ಆದರೆ ಗೆಲ್ಲಲಿಕ್ಕಲ್ಲ.

ಶುರುವಿನಲ್ಲಿ ನನಗೆ ಹತ್ತು ನಿಮಿಷ ಆಡಿದರೆ ತಲೆ ತಿರುಗಿ ವಾಂತಿ ಬಂದ ಹಾಗೆ ಆಗ್ತಿತ್ತು, ಘಾಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗೆ. ಜೋರಾಗಿ ಹೋಗುವಾಗ ಚಿತ್ರ ಮಸುಕಾಗುವ ಮೋಷನ್ ಬ್ಲರ್ ಆಫ್ ಮಾಡಿದೆ, ಕಾರಿನ ಹಿಂದಿನಿಂದ ಕಾಣುವ ದೂರದ ಕ್ಯಾಮೆರಾ ಇಟ್ಟೆ, ಕಡಿಮೆ ಆಯ್ತು. ಪೂರ್ತಿ ಹೋದದ್ದು ಮಾತ್ರ ಗೆರೆ ತೆಗೆದ ಮೇಲೆ. ಯಾಕೆ ಅಂತ ಆಮೇಲೆ ಹೊಳೆಯಿತು. ಗೆರೆ ಇದ್ದಾಗ ಕಣ್ಣು ಬಾನೆಟ್ಟಿನ ಮುಂದೆ ನಾಲ್ಕು ಮಾರು ದೂರದಲ್ಲಿ ಅಂಟಿಕೊಂಡಿರ್ತದೆ. ಅಲ್ಲಿ ಎಲ್ಲ ಸರ್ರನೆ ಹಿಂದೆ ಹೋಗ್ತಾ ಇರ್ತದೆ, ತಲೆ ತಿರುಗದೆ ಎಂತ? ಗೆರೆ ಇಲ್ಲದಾಗ ತಿರುವಿನ ಆಚೆ ತುದಿ ನೋಡಬೇಕಾಗ್ತದೆ, ದೂರದ್ದು ಅಷ್ಟು ಬೇಗ ಓಡುದಿಲ್ಲ.

ಅದರ ನಂತರವೇ ನಾನು ಆ ಊರು ನೋಡಿದ್ದು. ಗ್ವಾನಾಹ್ವಾತೋ ಅಂತ ಒಂದು ಪೇಟೆ ಉಂಟು, ಹಳದಿ, ಗುಲಾಬಿ, ನೀಲಿ ಮನೆಗಳು, ಒಳಗೆ ಕಲ್ಲಿನ ಸುರಂಗ ರಸ್ತೆ. ಇದು ಎಂತ ಪೇಟೆಯ ಹೊಟ್ಟೆಯೊಳಗೆ ರಸ್ತೆ ಅಂತ ಹುಡುಕಿ ಓದಿದೆ. ನಿಜವಾದ ಊರೇ ಅದು, ಬೆಳ್ಳಿ ಗಣಿಯಿಂದ ಬೆಳೆದದ್ದು. ಹೊಳೆ ಉಕ್ಕಿ ಪೇಟೆ ಮುಳುಗ್ತದೆ ಅಂತ ನೆಲದಡಿ ನೀರಿಗೆ ದಾರಿ ಮಾಡಿದ್ದರಂತೆ, ಆಮೇಲೆ ಅದರಲ್ಲೇ ವಾಹನ ಬಿಟ್ಟರು. 1988ರಿಂದ ಯುನೆಸ್ಕೋ ಪಟ್ಟಿಯಲ್ಲೂ ಉಂಟು. ನಮ್ಮಲ್ಲಿ ಮಳೆಗಾಲದಲ್ಲಿ ರಸ್ತೆಯೇ ಹೊಳೆ ಆಗ್ತದೆ, ಅಲ್ಲಿ ಹೊಳೆಯ ದಾರಿಯೇ ರಸ್ತೆ ಆದದ್ದು. ಈಗ ರೇಸ್ ಬಿಟ್ಟು ಆ ಸುರಂಗದಲ್ಲಿ ಸುಮ್ಮನೆ ಸುತ್ತುದು ನನ್ನ ಕೆಲಸ. ಮನೆಯವರು ಕೇಳ್ತಾರೆ, ಪೆಟ್ರೋಲ್ ಖರ್ಚಿಲ್ಲದ ತಿರುಗಾಟವಾ ಅಂತ.

ಕಾಪು ದೀಪಸ್ತಂಭ

ನಾನು ಇಲ್ಲಿ ಬರೆಯುದು ಕಡಿಮೆ, ಓದುದೇ ಜಾಸ್ತಿ. ಗೆರೆಯ ವಿಷಯ ಬಂದದ್ದಕ್ಕೆ ನಮ್ಮ ಅಪ್ಪನ ಕತೆ ಹೇಳ್ತೇನೆ. ಸ್ವಲ್ಪ ಉದ್ದ ಉಂಟು.

ಅಪ್ಪ 31 ವರ್ಷ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್, ಮಂಗಳೂರು, ಉಡುಪಿ, ಕುಂದಾಪುರ. ಮೊಣಗಂಟಿನ ನೋವಿಂದ ನಾಲ್ಕು ವರ್ಷದ ಹಿಂದೆ ಬಿಟ್ಟರು. ಈಗ ಬೆಳಿಗ್ಗೆ ಪೇಪರ್, ಮಧ್ಯಾಹ್ನ ಊಟ, ಸಂಜೆ ಅಂಗಡಿ ಕಟ್ಟೆ. ನಾನು ಹೋದ ತಿಂಗಳು ಒಬ್ಬರ ಹತ್ರ ಲಾಜಿಟೆಕ್ ಜಿ29 ಸ್ಟೇರಿಂಗ್ ಸೆಕೆಂಡ್‌ಹ್ಯಾಂಡಿಗೆ ತಕೊಂಡೆ, ಮೂರು ಪೆಡಲಿನದ್ದು. ಮೇಜಿಗೆ ಕಚ್ಚಿಸುವಾಗ ಅಪ್ಪ ಬಾಗಿಲಲ್ಲಿ ನಿಂತು ನೋಡ್ತಿದ್ದರು. 'ಇದೆಷ್ಟು ಸುತ್ತು ತಿರುಗ್ತದೆ?' ಅಂತ ಕೇಳಿದರು. ಎರಡೂವರೆ ಸುತ್ತು ಅಂದೆ. 'ಬಸ್ಸಿನದ್ದಕ್ಕೆ ಸಾಲುದಿಲ್ಲ' ಅಂದರು. ಅಂದವರು ಹೋಗಲಿಲ್ಲ.

ಕೂರಿಸಿದೆ. ಮೊದಲ ಪ್ರಶ್ನೆ, ಹಾರ್ನ್ ಎಲ್ಲಿ? ತೋರಿಸಿದೆ. ಎರಡನೇ ಪ್ರಶ್ನೆ, 'ಎಲ್ಲರೂ ಯಾಕೆ ರಾಂಗ್ ಸೈಡಿನಲ್ಲಿ ಬರುದು?' ಮೆಕ್ಸಿಕೋದಲ್ಲಿ ಬಲಗಡೆ ಹೋಗುದಲ್ಲ, ಅಪ್ಪ ತಾನಾಗಿ ಎಡಕ್ಕೇ ಬರ್ತಾರೆ, ಎದುರಿನಿಂದ ಬರುವವನಿಗೆ ಹಾರ್ನ್ ಹೊಡೀತಾರೆ, ಅವನು ಸರಿಯುದಿಲ್ಲ. ಮೂರು ದಿನ ಆಯ್ತು ಅದು ಸರಿ ಆಗ್ಲಿಕ್ಕೆ. ಗಾಡಿಗಳ ಪಟ್ಟಿಯಲ್ಲಿ ಫೆರಾರಿ, ಲ್ಯಾಂಬೊರ್ಗಿನಿ ಎಲ್ಲ ದಾಟಿಸಿಕೊಂಡು ಹೋಗಿ 1963ರ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್ ಕಂಡಲ್ಲಿ ಕೈ ನಿಲ್ಲಿಸಿದರು. ಇದೊಂದು ಗಾಡಿ ಅಂದರೆ ಗಾಡಿ, ಹಿಂದೆ ನಾಲ್ಕು ಜನ ಕೂರ್ತಾರೆ ಅಂತ.

ಈಗ ಗೆರೆ. ರೇಸ್ ಶುರುವಾದ ಕೂಡಲೇ ಕಾಲು ತೆಗೆದು ಗಾಡಿ ನಿಲ್ಲಿಸಿದರು. 'ರಸ್ತೆಗೆ ಯಾರು ಬಣ್ಣ ಬಳಿದದ್ದು?' ವಿವರಿಸಿದೆ. 'ತೆಗಿ, ರಸ್ತೆ ಕಾಣುದಿಲ್ಲ.' ತೆಗೆದೆ. ಸೋತರು, ಕೊನೆಯವರಾಗಿ ಬಂದರು. ಆದರೆ ಒಂದು ಕಡೆಯೂ ತಾಗಿಸಲಿಲ್ಲ. ಅದೇ ರೇಸನ್ನು ಪುನಃ ಹಾಕು ಅಂದರು. ಎರಡನೇ ಸಲ ಒಂಬತ್ತನೆಯವರು. ನಾಲ್ಕನೇ ಸಲಕ್ಕೆ ಐದನೆಯವರು. ಟೂರಿಸ್ಟ್ ಲೆವೆಲ್ ಇಟ್ಟಿದ್ದೆ, ನಿಜ, ಅದು ಎಲ್ಲಕ್ಕಿಂತ ಸುಲಭದ್ದು. ಆದರೂ ವ್ಯಾನಿನಲ್ಲಿ!

ಹೇಗೆ ಅಂತ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಹಾಕ್ತೇನೆ. 'ನಾನು ಕ್ಲೀನರ್ ಆಗಿದ್ದಾಗ ದೊಡ್ಡ ಡ್ರೈವರ್ ಒಬ್ಬರಿದ್ದರು. ತಿರುವು ನೋಡಬೇಡ, ತಿರುವಿನ ಮೊದಲು ಇರುದನ್ನು ನೋಡು ಅಂತಿದ್ದರು. ಆ ಅಶ್ವತ್ಥ ಕಟ್ಟೆ ಕಂಡ ಕೂಡಲೇ ಕಾಲು ತೆಗಿ. ಮಿಲ್ಲಿನ ಗೋಡೆ ಮುಗಿಯುವಲ್ಲಿ ಗೇರ್ ಇಳಿಸು. ರಾತ್ರಿ ಮಳೆಗೆ ರಸ್ತೆ ಕಾಣದಿದ್ದರೆ ಕಟ್ಟೆ ಕಾಣ್ತದೆ, ಅದೂ ಕಾಣದಿದ್ದರೆ ನಿಲ್ಲಿಸು.' ಆಟದಲ್ಲೂ ಅದನ್ನೇ ಮಾಡಿದ್ದು ಅವರು. ಒಂದು ಕಳ್ಳಿ ಗಿಡ, ಒಂದು ಬಿಳಿ ಗೋಡೆ, ಒಂದು ಜಾಹೀರಾತಿನ ಬೋರ್ಡು, ಬಿಡುವಾದಾಗ ಹಳೆ ಕ್ಯಾಲೆಂಡರಿನ ಹಿಂದೆ ಬರೆದೂ ಇಟ್ಟಿದ್ದಾರೆ.

ಬೋಳೂರಿನವರೇ, ಸೆಟ್ಟಿಂಗ್ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ. ಒಂದೇ ರೇಸನ್ನು ಹತ್ತು ಸಲ ಓಡಿಸಿ. ಒಂದೊಂದು ತಿರುವಿಗೆ ಒಂದೊಂದು ಕಟ್ಟೆ ಹುಡುಕಿ.

ಎಸ್2 ಕುಟ್ಟಿ

ಸೂಪರ್ ಅಂಕಲ್. ಆದರೆ ಒಂದು ನಗು ಬಂತು. ಎಕ್ಸ್‌ಪ್ರೆಸ್ ಬಸ್ಸಿನವರು ನಿಧಾನದ ಪಾಠ ಹೇಳುದಾ? ಹೈವೇಯಲ್ಲಿ ನಮ್ಮ ಬೈಕನ್ನು ಮಣ್ಣಿಗೆ ಇಳಿಸುದು ಅವರೇ ಅಲ್ವಾ? ನಾನು ಮೊನ್ನೆ ರಾತ್ರಿ ಮಣಿಪಾಲದಿಂದ ಮಂಗಳೂರಿಗೆ ಹೋಗುವಾಗ ಒಂದು ಎಕ್ಸ್‌ಪ್ರೆಸ್ ಹಿಂದೆ ಬಿದ್ದು ಪಡುಬಿದ್ರಿ ಕಳೆದ ಮೇಲೆ

(ಉಳಿದ ಸಾಲುಗಳನ್ನು ತೆಗೆಯಲಾಗಿದೆ: ನಿರ್ವಾಹಕ)

ನಿರ್ವಾಹಕ

ಕುಟ್ಟಿ, ಹೈವೇಯಲ್ಲಿ ಎಷ್ಟು ಸ್ಪೀಡ್ ಹೋದೆ ಅಂತ ಇಲ್ಲಿ ಬರೆಯಲಿಕ್ಕಿಲ್ಲ. ಇದು ಎರಡನೇ ಸಲ. ಮೂರನೇ ಸಲಕ್ಕೆ ಖಾತೆಗೆ ಬೀಗ. ಆಟದಲ್ಲಿ 400 ಹೋಗು, ಸ್ಕ್ರೀನ್‌ಶಾಟ್ ಹಾಕು, ಚಪ್ಪಾಳೆ ಹೊಡೀತೇವೆ. ಆಟದಲ್ಲಿ ದನ ಅಡ್ಡ ಬರುದಿಲ್ಲ, ರಾಂಗ್ ಸೈಡಿನಲ್ಲಿ ಲೈಟಿಲ್ಲದ ಸ್ಕೂಟರೂ ಬರುದಿಲ್ಲ.

ಕಾಪು ದೀಪಸ್ತಂಭ

ಕುಟ್ಟಿ ಹೇಳಿದ್ದರಲ್ಲಿ ಸುಳ್ಳಿಲ್ಲ, ನನಗೆ ಬೇಜಾರೂ ಇಲ್ಲ. ಅಪ್ಪನಿಗೇ ಓದಿ ಹೇಳಿದೆ. 'ಹೌದು, ಓಡಿಸಿದ್ದೇವೆ' ಅಂದರು. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ಸಿಗುದು ಕೆಲವೇ ನಿಮಿಷ. ಒಂದು ಸ್ಟಾಪಿನಲ್ಲಿ ಅಜ್ಜಿ ಇಳಿಯಲಿಕ್ಕೆ ತಡವಾದರೆ ಟೈಮ್‌ಕೀಪರ್ ಹತ್ರ ಬೈಗುಳ, ಹಿಂದಿನವನ ಹತ್ರ ಜಗಳ, ಕಲೆಕ್ಷನ್ ಹೋಯ್ತು ಅಂತ ಮಾಲಕರ ಫೋನು. ಅದನ್ನು ಸರಿ ಅಂತ ಅವರು ಯಾವತ್ತೂ ಹೇಳಲಿಲ್ಲ.

ಮೊದಲು ಬರೆಯುವಾಗ ಒಂದು ವಿಷಯ ಬಿಟ್ಟಿದ್ದೆ, ಬರೆಯಬೇಕಾ ಬೇಡವಾ ಅಂತ. ಅಪ್ಪನಿಗೆ ರಿವೈಂಡ್ ತೋರಿಸಿದ ದಿನ. ನಾನೇ ಬೇಕೂಂತ ಕಾರನ್ನು ಗೋಡೆಗೆ ಹೊಡೆದು ಬಟನ್ ಒತ್ತಿದೆ. ಒಡೆದ ಬಂಪರ್ ಕೂಡಿಕೊಂಡಿತು, ಕಾರು ಹಿಂದೆ ಹಿಂದೆ ಹೋಗಿ ರಸ್ತೆ ಮಧ್ಯ ನಿಂತಿತು. ಅಪ್ಪ ಇನ್ನೊಮ್ಮೆ ಮಾಡು ಅಂದರು. ಮಾಡಿದೆ. ಇನ್ನೊಮ್ಮೆ ಅಂದರು. ಮೂರನೇ ಸಲ ಆದ ಮೇಲೆ 'ಸಾಕು, ಅದನ್ನು ತೆಗೆದು ಹಾಕು' ಅಂತ ಹೇಳಿ ಚಾ ಕುಡಿಯಲಿಕ್ಕೆ ಒಳಗೆ ಹೋದರು. ನಾನು ಕೇಳಲಿಲ್ಲ. ಅದರ ನಂತರ ನಮ್ಮ ಮನೆಯಲ್ಲಿ ರಿವೈಂಡ್ ಆಫ್.

ಕಿನ್ನಿಗೋಳಿ ಅಕ್ಕ

ತಮ್ಮ, ಕೇಳದೆ ಇದ್ದದ್ದೇ ಒಳ್ಳೆದಾಯ್ತು.

ಕೋಟೇಶ್ವರದ ಗಂಡ್

ಎಂತ ಮರ್ರೆ, ಮಂಗ್ಳೂರಿನರೇ ಮಾತಾಡ್ತಾ ಇದ್ರಿ, ನಮ್ಮ ಬದಿಯರ್ ಯಾರೂ ಇಲ್ಯಾ? ಸರಿ, ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ನಿರ್ವಾಹಕರು ಅನುವಾದ ಕೇಳ್ತಾರೆ.

ನನಗೆ ಇರುವ ಒಂದೇ ತಕರಾರು, ಈ ಆಟದವರಿಗೆ ನಮ್ಮ ಮರವಂತೆ ಯಾಕೆ ಕಣ್ಣಿಗೆ ಬೀಳಲಿಲ್ಲ ಅಂತ. ಮೊದಲ ಹೊರೈಜನ್ 2012ರಲ್ಲಿ ಅಮೆರಿಕದ ಕೊಲೊರಾಡೋ. 2014ರಲ್ಲಿ ಫ್ರಾನ್ಸ್ ಮತ್ತು ಇಟಲಿ. 2016ರಲ್ಲಿ ಆಸ್ಟ್ರೇಲಿಯಾ. 2018ರಲ್ಲಿ ಬ್ರಿಟನ್, ಅದು ಮಾಡುವವರ ಸ್ವಂತ ಊರೇ. 2021ರಲ್ಲಿ ಮೆಕ್ಸಿಕೋ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ, ಮಧ್ಯ 66ನೇ ಹೆದ್ದಾರಿ: ಇಂಥ ರಸ್ತೆ ಕಾಣಿ, ಬಿಟ್ಟಿಯಾಗಿ ಇತ್ತ್. ಅಲ್ಲಿಂದ ಉಡುಪಿಗೆ ಬಂದು, ಹೆಬ್ರಿ, ಸೋಮೇಶ್ವರ ದಾಟಿದರೆ ಆಗುಂಬೆಯ 14 ಹೇರ್‌ಪಿನ್ ತಿರುವು. ಒಂದೇ ನಕ್ಷೆಯಲ್ಲಿ ಕಡಲು, ಗದ್ದೆ, ಕಾಡು, ಘಾಟಿ. ಜ್ವಾಲಾಮುಖಿ ಒಂದು ಇಲ್ಲ, ಅದರ ಬದಲು ಜೂನ್ ತಿಂಗಳ ಮಳೆ ಕೊಡುವ.

ಮಳೆ ಅಂದೆ, ನೆನಪಾಯ್ತು. ಹೊರೈಜನ್ 4ರಲ್ಲಿ ಗುರುವಾರಕ್ಕೊಂದು ಋತು ಬದಲಾಗ್ತಿತ್ತು, ಚಳಿಗಾಲ ಬಂದರೆ ಕೆರೆ ಹೆಪ್ಪುಗಟ್ಟಿ ಅದರ ಮೇಲೆ ಕಾರು ಬಿಡಬಹುದಿತ್ತು. 5ರಲ್ಲಿ ಮಳೆ, ಬಿರುಗಾಳಿ, ಧೂಳು. ಆದರೆ ನಮ್ಮ ಮಳೆಯಲ್ಲಿ ಓಡಿಸಿದವನಿಗೆ ಅದು ಬರೀ ಪನ್ನೀರು ಚಿಮುಕಿಸಿದ ಹಾಗೆ. ವೈಪರ್ ಎರಡನೇ ಸ್ಪೀಡಿನಲ್ಲಿದ್ದರೂ ಮುಂದಿನ ಲಾರಿಯ ಹಿಂದಿನ ದೀಪ ಕಾಣದ ಮಳೆ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಗೋಳಿಬಜೆ ಗೇಮರ್

5ರ ನಂತರದ್ದು ಜಪಾನ್. 2025ರ ಸೆಪ್ಟೆಂಬರಿನಲ್ಲಿ ಟೋಕಿಯೋ ಗೇಮ್ ಶೋದಲ್ಲಿ ಹೇಳಿಯಾಗಿದೆ. ಅಲ್ಲಿ ನಮ್ಮ ಹಾಗೇ ಎಡಗಡೆ ಓಡಿಸುದು, ಕಾಪುವಿನ ಅಂಕಲ್ಲಿಗೆ ಖುಷಿಯಾಗಬಹುದು. ಅಲ್ಲಿಯ ಗುಡ್ಡದ ರಸ್ತೆಗಳಿಗೆ ತೋಗೆ ಅಂತಾರೆ, ಹೆಚ್ಚುಕಡಿಮೆ ನಮ್ಮ ಘಾಟಿಯೇ. ಎದುರು ಬದಿಯ ತಿರುವು ಕಾಣುದಿಲ್ಲ, ಒಂದು ಬದಿ ಬಂಡೆ, ಒಂದು ಬದಿ ಕಣಿವೆ. ಗೆರೆ ಇಲ್ಲದೆ ಕಲಿತವನಿಗೆ ಮಾತ್ರ ಅಲ್ಲಿ ಮಜಾ.

ಮತ್ತೆ ಕುಟ್ಟಿ ರೇಸ್ ಟಯರ್ ಹಾಕಿ ಅಂದದ್ದು ಎಲ್ಲ ಕಡೆಗೂ ಆಗುದಿಲ್ಲ. ಮಣ್ಣಿನ ರೇಸಿಗೆ ರ್‍ಯಾಲಿ ಟಯರ್ ಬೇಕು, ಗುಡ್ಡ ಹತ್ತಿಳಿಯುವ ಕ್ರಾಸ್‌ಕಂಟ್ರಿಗೆ ಆಫ್‌ರೋಡ್. ಬಿ ಕ್ಲಾಸಿನಲ್ಲಿ ರೇಸ್ ಟಯರ್ ಹಾಕಿದರೆ ಪಾಯಿಂಟೆಲ್ಲ ಟಯರಿಗೇ ಹೋಗಿ ಎಂಜಿನ್ನಿಗೆ ಏನೂ ಉಳಿಯುದಿಲ್ಲ. ಊಟದ ಎಲೆಯಲ್ಲಿ ಉಪ್ಪಿನಕಾಯಿಯನ್ನೇ ಅರ್ಧ ಬಡಿಸಿದ ಹಾಗೆ.

ಹಂಪನಕಟ್ಟೆ ಕೆಫೆ

ನಿಮ್ಮೆಲ್ಲರ ಅಜ್ಜನ ಕಾಲದವ ನಾನು. ಸೈಬರ್ ಕೆಫೆ ಇಟ್ಟಿದ್ದೆ, ಎಂಟು ಕಂಪ್ಯೂಟರ್, ಗಂಟೆಗೆ 20 ರೂಪಾಯಿ. ಮೇಲ್ ನೋಡ್ಲಿಕ್ಕೆ ಬರುವವರಿಗಿಂತ ಕಾಲೇಜು ತಪ್ಪಿಸಿ ಆಡ್ಲಿಕ್ಕೆ ಬರುವವರೇ ಜಾಸ್ತಿ. ಆಗ ಇಂಥ ನೀಲಿ ಗೆರೆ ಎಲ್ಲಿತ್ತು? 1999ರ ಮಿಡ್‌ಟೌನ್ ಮ್ಯಾಡ್‌ನೆಸ್‌ನಲ್ಲಿ ಮೇಲೆ ಒಂದು ಬಾಣ, ಮೂಲೆಯಲ್ಲಿ ಒಂದು ನಕ್ಷೆ, ಶಿಕಾಗೊ ಪೇಟೆ ಪೂರ್ತಿ ನಿಮ್ಮದು. ಯಾವ ಸಂದಿಯಿಂದ ನುಗ್ಗಿದರೆ ಬೇಗ ಅಂತ ನೀವೇ ಹುಡುಕಬೇಕು. ಮೇಲಕ್ಕೆ ಏಳುವ ಸೇತುವೆ ಉಂಟು, ಅದು ಏಳುವ ಹೊತ್ತಿಗೆ ಸರಿಯಾಗಿ ಹೋದರೆ ಹಾರಬಹುದು. ನಡೆದು ಹೋಗುವವರು ಎಷ್ಟು ನುಗ್ಗಿದರೂ ಹಾರಿ ತಪ್ಪಿಸಿಕೊಳ್ಳುತ್ತಾರೆ, ಒಬ್ಬರಿಗೂ ತಾಗುದಿಲ್ಲ. ಮೂರನೇ ಕಂಪ್ಯೂಟರಿನ ಹುಡುಗರು ಇಡೀ ಶಿಕಾಗೊ ಬಾಯಿಪಾಠ ಮಾಡಿದ್ದರು, ಪಾಪ, ಪರೀಕ್ಷೆಯಲ್ಲಿ ಅದು ಬರಲಿಲ್ಲ.

2004ರಲ್ಲಿ ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ 2 ಬಂತು, ಮರುವರ್ಷ ಮೋಸ್ಟ್ ವಾಂಟೆಡ್. ಆ ನೀಲಿ, ಬೆಳ್ಳಿ ಬಣ್ಣದ ಬಿಎಂಡಬ್ಲ್ಯು ಎಂ3 ಜಿಟಿಆರ್‌ನ ಚಿತ್ರವನ್ನು ಆಟೋದ ಹಿಂದೆ ಅಂಟಿಸಿದವರನ್ನೂ ಕಂಡಿದ್ದೇನೆ. 2006ರ ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್ ಹವಾಯಿಯ ಒವಾಹು ದ್ವೀಪವನ್ನೇ ತಂದು ಇಟ್ಟಿತು, ಆದರೆ ಅಷ್ಟು ಹೊತ್ತಿಗೆ ಎಲ್ಲರ ಮನೆಗೂ ಬ್ರಾಡ್‌ಬ್ಯಾಂಡ್ ಬಂದು ನನ್ನ ಅಂಗಡಿ ಜೆರಾಕ್ಸ್ ಅಂಗಡಿ ಆಗಿತ್ತು.

ಒಂದು ವಿಷಯ ಹೊಸಬರಿಗೆ ಗೊತ್ತಿರಲಿ. ಈಗಿನ ಆಟಗಳು ನಿಮ್ಮ ಕೈಯಲ್ಲಿ ಉಳಿಯುದಿಲ್ಲ. ಹೊರೈಜನ್ 4ನ್ನು 2024ರ ಡಿಸೆಂಬರ್ 15ಕ್ಕೆ ಅಂಗಡಿಯಿಂದ ತೆಗೆದರು, ಕಾರು, ಹಾಡಿನ ಲೈಸನ್ಸ್ ಮುಗಿದದ್ದಕ್ಕೆ. ಮೊದಲೇ ತಕೊಂಡವರು ಆಡಬಹುದು, ಅಷ್ಟು ಪುಣ್ಯ. 2014ರ ದಿ ಕ್ರೂ ಆಟದ ಸರ್ವರನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ ದುಡ್ಡು ಕೊಟ್ಟವರಿಗೂ ಆಟವೇ ಇಲ್ಲ. ನನ್ನ ಮಿಡ್‌ಟೌನ್ ಮ್ಯಾಡ್‌ನೆಸ್ ಸಿಡಿ ಇನ್ನೂ ಕಪಾಟಿನಲ್ಲಿ ಉಂಟು.

ಅಂದ ಹಾಗೆ ಕಾಪುವಿನವರೇ, ಅದರಲ್ಲಿ ಸಿಟಿ ಬಸ್ ಓಡಿಸಲಿಕ್ಕೆ ಸಿಗ್ತದೆ.

ಕಾಪು ದೀಪಸ್ತಂಭ

ಎಂತ! ಬಸ್ಸಾ? ನಿಜವಾದ ಬಸ್ಸಾ?

ಹಂಪನಕಟ್ಟೆ ಕೆಫೆ

ಹೌದು ಮಾರಾಯ. ಉದ್ದದ್ದು. ತಿರುಗಿಸುವಾಗ ಹಿಂದಿನದ್ದು ಎಲ್ಲಿ ಹೋಯ್ತು ಅಂತ ಹುಡುಕಬೇಕು. ಕಾರುಗಳಿಗೆ ಗುದ್ದಿದರೆ ಕಾರೇ ಹಾರುದು, ಬಸ್ಸಿಗೆ ಏನೂ ಆಗುದಿಲ್ಲ.

ಎಸ್2 ಕುಟ್ಟಿ

ಅಂದರೆ ಎಕ್ಸ್‌ಪ್ರೆಸ್.

ಬೋಳೂರಿನವ

ಹತ್ತು ದಿನ ಬಿಟ್ಟು ಬರೀತಾ ಇದ್ದೇನೆ. ಎಲ್ಲರೂ ಹೇಳಿದ್ದನ್ನು ಮಾಡಿದೆ, ಕುಟ್ಟಿ ಹೇಳಿದ್ದೊಂದು ಬಿಟ್ಟು. ಎಸ್‌ಎಸ್‌ಡಿ ಹಾಕಿಸಿದೆ, ಮರಗಳು ಈಗ ಮೊದಲೇ ಮೊಳೆತಿರ್ತವೆ. ಬಿ ಕ್ಲಾಸಿಗೆ ಇಳಿದೆ. ವೋಚೋ ಅಂತ ಮೆಕ್ಸಿಕೋದವರು ಪ್ರೀತಿಯಿಂದ ಕರೆಯುವ ಹಳೆ ಬೀಟಲ್ ಕಾರು ಉಂಟಲ್ಲ, ಅದನ್ನೇ ತಕೊಂಡೆ. ಆ ಮಾದರಿಯ ಕೊನೆಯ ಕಾರು ಹೊರಗೆ ಬಂದದ್ದು ಅವರ ಪ್ವೆಬ್ಲಾ ಊರಿನ ಕಾರ್ಖಾನೆಯಿಂದಲೇ, 2003ರಲ್ಲಿ. ನಮ್ಮ ಅಂಬಾಸಿಡರ್ 2014ರ ವರೆಗೆ ಎಳೆಯಿತು, ಅದರ ಲೆಕ್ಕದಲ್ಲಿ ನಾವೇ ಮುಂದೆ.

ಗೆರೆ ಮಧ್ಯದ ಆಯ್ಕೆಯಲ್ಲಿ ಐದು ದಿನ ಇಟ್ಟೆ, ಒಂದು ತಿಂಗಳು ಕಾಯಲಿಕ್ಕೆ ಸಮಾಧಾನ ಇರಲಿಲ್ಲ. ಆಮೇಲೆ ಪೂರ್ತಿ ಆಫ್. ಒಂದೇ ರೇಸ್, ದಿನಕ್ಕೆ ಮೂರು ಸಲ. ನನ್ನ ಕಟ್ಟೆಗಳು: ಮೊದಲ ತಿರುವಿಗೆ ಹಳದಿ ಮನೆಯ ಬಾಗಿಲು, ಎರಡನೆಯದಕ್ಕೆ ಎರಡು ಕಳ್ಳಿ ಗಿಡ, ಆಮೇಲಿನ ಇಳಿಜಾರಿನಲ್ಲಿ ಒಂದು ಚರ್ಚಿನ ಗೋಪುರ ಮರೆಯಾಗುವ ಕ್ಷಣ. ನಾಲ್ಕನೆಯದಕ್ಕೆ ಏನೂ ಸಿಗಲಿಲ್ಲ. ಎರಡೂ ಬದಿ ಹುಲ್ಲು. ಅಲ್ಲಿ ಪ್ರತೀ ಸಲ ಹೊರಗೆ. ಕೊನೆಗೆ ನಿನ್ನೆ ರೇಸ್ ಬಿಟ್ಟು ಸುಮ್ಮನೆ ಆ ಜಾಗಕ್ಕೆ ಹೋಗಿ ಕಾರು ನಿಲ್ಲಿಸಿ ಸುತ್ತ ನೋಡಿದೆ. ರಸ್ತೆಯಲ್ಲೇ ಒಂದು ತೇಪೆ ಉಂಟು, ಡಾಮರಿನ ಬಣ್ಣ ಬದಲಾಗ್ತದೆ! ಪುಣ್ಯಾತ್ಮರು ತೇಪೆಯನ್ನೂ ಬಿಡದೆ ಹಾಕಿದ್ದಾರೆ. ನಮ್ಮ ಊರಿನ ರಸ್ತೆಯಲ್ಲಿ ಆಡಿದ್ದರೆ ತೇಪೆಗೆ ಬರ ಬರ್ತಿರಲಿಲ್ಲ.

ನಿನ್ನೆ ರಾತ್ರಿ ಆರನೆಯವ. ರಿವೈಂಡ್ ಇಲ್ಲದೆ, ತಾಗಿಸದೆ. ಕಾಪುವಿನ ಅಂಕಲ್ಲಿಗೆ ಹೇಳಿ. ಐದನೆಯ ಸ್ಥಾನಕ್ಕೆ ಅವರದ್ದೇ ವ್ಯಾನಿನ ದಾಖಲೆ ಇರಲಿ, ಮುರಿಯಲಿಕ್ಕೆ ಅರ್ಜೆಂಟಿಲ್ಲ.

ಇನ್ನೊಂದು. ಬೆಳಿಗ್ಗೆ ಬ್ಯಾಂಕಿಗೆ ಹೋಗುವಾಗ ಕೆಪಿಟಿ ಜಂಕ್ಷನ್ ಹತ್ರ ಯಾವಾಗಲೂ ಬ್ರೇಕ್ ಹಿಡಿಯುವ ಜಾಗದಲ್ಲಿ ಒಂದು ಎಳನೀರಿನ ಗಾಡಿ ನಿಲ್ತದೆ ಅಂತ ಮೊದಲ ಸಲ ಗಮನಿಸಿದೆ. ಹದಿನಾರು ವರ್ಷ ಅದೇ ದಾರಿ.

ಗೋಳಿಬಜೆ ಗೇಮರ್

ಆರನೆಯವರಿಗೆ ಅಭಿನಂದನೆ. ಈಗ ಟೂರಿಸ್ಟ್ ಲೆವೆಲಿನಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ. ಸಹಾಯ ಕಡಿಮೆ ಮಾಡಿದ ಹಾಗೆ ರೇಸಿಗೆ ಸಿಗುವ ಕ್ರೆಡಿಟ್, ಅಂದರೆ ಆಟದ ದುಡ್ಡು, ಜಾಸ್ತಿ ಆಗ್ತದೆ, ಗಮನಿಸಿದಿರಾ? ಎಳನೀರಿನವನು ರಜೆ ಹಾಕಿದ ದಿನ ಮಾತ್ರ ಜಾಗ್ರತೆ.

ಕಾಪು ದೀಪಸ್ತಂಭ

ಅಪ್ಪನಿಗೆ ಹೇಳಿದೆ. ತೇಪೆಯ ಕತೆ ಕೇಳಿ ಜೋರಾಗಿ ನಗಾಡಿದರು. 'ಅವನು ಡ್ರೈವರ್ ಆದ' ಅಂದರು. ಈಗ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ, ಬಸ್ಸಿನ ಆಟ ಬಂತಾ ಅಂತ. ಹಂಪನಕಟ್ಟೆಯವರೇ, ಆ ಸಿಡಿ ಒಮ್ಮೆ ಕೊಡ್ತೀರಾ? ಈ ಭಾನುವಾರ ಮಂಗಳೂರಿಗೆ ಬರ್ತೇನೆ, ಎಲ್ಲಿ ಹೇಳಿದರೆ ಅಲ್ಲಿಗೆ.

ಹಂಪನಕಟ್ಟೆ ಕೆಫೆ

ಕೊಡ್ತೇನೆ, ಅದಕ್ಕೇನು. ಗೀರು ಬಿದ್ದಿಲ್ಲ, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಆದರೆ ಹಳೆ ಆಟ, ಹೊಸ ವಿಂಡೋಸಿನಲ್ಲಿ ಸ್ವಲ್ಪ ತಕರಾರು ಮಾಡ್ತದೆ. ಮತ್ತೆ ನಿಮ್ಮ ಕಂಪ್ಯೂಟರಿನಲ್ಲಿ ಸಿಡಿ ಡ್ರೈವ್ ಉಂಟಲ್ಲ?

ಕಾಪು ದೀಪಸ್ತಂಭ

ಇಲ್ಲ.

ಬೋಳೂರಿನವ

ನನ್ನದರಲ್ಲೂ ಇಲ್ಲ.

ಕಿನ್ನಿಗೋಳಿ ಅಕ್ಕ

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆ ಸಿಪಿಯು ಉಂಟು. ಒಳಗೆ ಹಲ್ಲಿ ಮೊಟ್ಟೆ ಇಟ್ಟಿದೆ. ಡ್ರೈವ್ ಬಾಗಿಲು ತೆರೀತದಾ ನೋಡಿ ಹೇಳ್ತೇನೆ, ಕರೆಂಟ್ ಬರಲಿ.